ಸೊಸೆ ಕೆಮ್ಮಿದ ವರ್ಷ

ತರಬೇತಿಯಿಂದ ನಮ್ಮಲ್ಲಿ ಯಾರೂ ನಾಯಕಿ ಆಗಲಿಲ್ಲ. ಆದದ್ದು ಇಷ್ಟೇ: ಬಿದಿರಿನ ಡಿಪೋದಲ್ಲಿ ನನ್ನ ಸೊಸೆ ಕೆಮ್ಮಿದಳು, ನಾನು ಮಚ್ಚನ್ನು ಅವಳ ಕೈಗೆ ಕೊಟ್ಟೆ. ಮೂರು ದಿನದ ಕ್ಲಾಸು, ಗೋಡೆಗೆ ಅಂಟಿಸಿದ ಚಾರ್ಟು, ಮೈಕು, ಊಟದ ಜೊತೆ ಕೊಟ್ಟ ಬಾಳೆಹಣ್ಣು, ಇವೆಲ್ಲ ಆ ಕೆಮ್ಮಿನ ಸುತ್ತ ಹಾಕಿದ ಶಾಮಿಯಾನ. ತರಬೇತಿ ಕೊಟ್ಟ ಮೇಡಂ ಎಲ್ಲಾದರೂ ಸಿಕ್ಕರೆ ಈಗಲೂ, "ನಮ್ ಟ್ರೈನಿಂಗ್‌ನಿಂದ ಎಷ್ಟು ಚೇಂಜ್ ಆಯ್ತು ಅಲ್ವಾ ಅಮ್ಮಾ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಊಟ ಚೆನ್ನಾಗಿತ್ತು.

ನಾವು ಮೇದರು. ಹಲಸೂರು ಕೆರೆಯಿಂದ ಸ್ವಲ್ಪ ಒಳಗೆ ಒಂದು ಗಲ್ಲಿಯಲ್ಲಿ, ನನ್ನ ಅತ್ತೆಯ ಅತ್ತೆಯ ಕಾಲದಿಂದ ಬಿದಿರು ಸೀಳಿಕೊಂಡು ಇದ್ದೇವೆ. ಗಂಡಸರದು ಏಣಿ ಮತ್ತು ಚಪ್ಪರದ ಗಳ. ಅದೆಲ್ಲ ಶಿವಾಜಿನಗರದ ಶಾಮಿಯಾನದವರಿಗೆ ಹೋಗುತ್ತದೆ. ಹೆಂಗಸರದು ಮೊರ ಮತ್ತು ಬುಟ್ಟಿ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಜೋಡಿ ಮೊರ ಬೇಕು, ಹೊಸದೇ ಬೇಕು. ಹಾಗಾಗಿ ನಮ್ಮ ಗಲ್ಲಿಯಲ್ಲಿ ವರ್ಷ ಯುಗಾದಿಗೆ ಶುರುವಾಗುವುದಿಲ್ಲ, ಗೌರಿಗೆ ಶುರುವಾಗಿ ಗೌರಿಗೆ ಮುಗಿಯುತ್ತದೆ. ಹಬ್ಬಕ್ಕೆ ಮುಂಚಿನ ಎರಡು ತಿಂಗಳು ಹೆಂಗಸರು ಬಗ್ಗಿಸಿದ ಬೆನ್ನು ಎತ್ತುವುದಿಲ್ಲ. ಉಳಿದ ಹತ್ತು ತಿಂಗಳು ಆ ಎರಡು ತಿಂಗಳ ಬೆನ್ನ ಮೇಲೆ ಕೂತಿರುತ್ತವೆ.

ತರಬೇತಿಯ ಹಿಂದಿನ ವರ್ಷ ನಮ್ಮ ಮೊರಗಳಿಗೆ ಹುಳ ಬಿತ್ತು. ಹಬ್ಬದ ಹಿಂದಿನ ದಿನ ಇಂದಿರಾನಗರದಿಂದ ಒಬ್ಬ ಅಮ್ಮ ಬಂದರು. ಇಂದಿರಾನಗರದಲ್ಲಿ ಆಗ ಇನ್ನೂ ಮನೆಗಳಿದ್ದವು, ಮನೆಗಳಲ್ಲಿ ಬಾಗಿನ ಕೊಡುವವರಿದ್ದರು. ಆಯಮ್ಮ ಮೊರವನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. ಅಂಚಿನಿಂದ ಹಳದಿ ಹಿಟ್ಟು ಉದುರುತ್ತಿತ್ತು.

"ಏನಮ್ಮಾ ಇದು? ಗೌರಿಗೇ ಪೌಡರ್ ಹಾಕಿ ಕಳ್ಸಿದ್ದೀಯಾ?"

ನಾನು ಬೇರೆ ಜೋಡಿ ಕೊಟ್ಟೆ. ಅದರಲ್ಲೂ ಉದುರಿತು. ಮೂರನೇ ಜೋಡಿ ಕೊಡಲು ಹೋದರೆ ಆಯಮ್ಮ ಕೈಮುಗಿದು ಹೊರಟುಹೋದರು. ದೇವಸ್ಥಾನದ ಬೀದಿಯ ಪೂಜಾ ಸಾಮಾನಿನ ಅಂಗಡಿಯವನು, ಇಡೀ ಗಲ್ಲಿಯ ಮೊರ ಎತ್ತುತ್ತಿದ್ದವನು, ಹಬ್ಬ ಕಳೆದ ಮೇಲೆ ಬಂದು ಮೆತ್ತಗೆ ಹೇಳಿದ: "ಅಕ್ಕಾ, ಇನ್ನೊಂದ್ ತಡವೆ ಹಿಂಗಾದ್ರೆ ನಾನು ಹೊಸೂರಿಂದ ಮಾಲ್ ತರಿಸ್ಕೊಳ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬಾರ್ದು."

ಅವನು ಸುಮ್ಮನೆ ಹೆದರಿಸುವ ಪೈಕಿಯಲ್ಲ. ಇನ್ನೊಂದು ಗೌರಿಗೆ ಹಿಟ್ಟು ಉದುರಿದರೆ ಗಲ್ಲಿಯ ಹೆಂಗಸರ ಕೆಲಸ ಮುಗಿಯಿತು ಅಂತಲೇ ಅರ್ಥ.

ತಪ್ಪು ಕೈಯದಲ್ಲ, ಬಿದಿರಿನದು. ಬಿದಿರು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಅರಣ್ಯ ಇಲಾಖೆಯ ಡಿಪೋದಿಂದ, ನಮ್ಮ ಗಂಡಸರ ಸಂಘದ ಮೂಲಕ. ಸಂಘದ ಅಧ್ಯಕ್ಷ ನನ್ನ ಮೈದುನ. ಅಧ್ಯಕ್ಷನಾದ ವಾರದಲ್ಲೇ ಸಫಾರಿ ಹೊಲಿಸಿಕೊಂಡ. ಸಫಾರಿ ಹಾಕಿದ ಮೇಲೆ ನೆಲದ ಮೇಲೆ ಕೂರುವುದನ್ನು ಬಿಟ್ಟ. ನೆಲದ ಮೇಲೆ ಕೂರದವನಿಗೆ ಮೊರದ ಯೋಚನೆ ಎಲ್ಲಿಂದ ಬರಬೇಕು? ಡಿಪೋಗೆ ಹೋಗಿ ಏಣಿಗೆ ಆಗುವ ದಪ್ಪ, ಬಲಿತ ಗಳಗಳನ್ನು ಆರಿಸುತ್ತಿದ್ದ. ಮೊರಕ್ಕೆ ಎಳೆಯದು ಬೇಕು, ಗೆಣ್ಣು ದೂರ ದೂರ ಇರಬೇಕು. ಲಾರಿಯಲ್ಲಿ ಜಾಗ ಉಳಿದರೆ ಕೈಗೆ ಸಿಕ್ಕಿದ್ದನ್ನು ನಮಗೆ ಅಂತ ತುಂಬಿಕೊಂಡು ಬರುತ್ತಿದ್ದ. ಕೇಳಿದರೆ, "ಬಿದಿರು ಬಿದಿರೇ ಅಲ್ವಾ ಅತ್ಗೆ" ಅನ್ನುತ್ತಿದ್ದ.

ಇನ್ನು ನನ್ನ ಸೊಸೆ. ರಾಯಚೂರು ಕಡೆಯವಳು, ನಮ್ಮವರೇ. ಏಳನೇ ಕ್ಲಾಸು ಓದಿದ್ದಳು. ನಾನು ಎರಡನೆಯದರಲ್ಲಿ ಬಿಟ್ಟವಳು. ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ನನ್ನ ಎದುರು ಒಂದು ಮಾತು ಜೋರಾಗಿ ಆಡಿದವಳಲ್ಲ. ಒಂದೇ ಒಂದು ಕೆಟ್ಟ ಅಭ್ಯಾಸ: ಬಿದಿರಿನ ಕೊಯ್ದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. ಅವಳಪ್ಪ ಸಣ್ಣವಳಿದ್ದಾಗಿನಿಂದ ಬಿದಿರ ಮೆಳೆಗೆ ಕರೆದುಕೊಂಡು ಹೋಗಿ ಕಲಿಸಿದ್ದನಂತೆ. ಬೆಳದಿಂಗಳ ಪಕ್ಷದಲ್ಲಿ ಕಡಿದ ಬಿದಿರು ಸಿಹಿ ಇರುತ್ತದಂತೆ, ಸಿಹಿ ಇದ್ದರೆ ಹುಳ ಬೀಳುತ್ತದಂತೆ. ಮೊದಲ ಸಲ ನೋಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಮನೇಲಿ ಅನ್ನ ಇಲ್ವೇನೇ? ದನದ ಥರ ನೆಕ್ತಾ ಕೂತಿದ್ದೀಯಲ್ಲ, ನೋಡಿದೋರು ಏನಂತಾರೆ?"

"ಆತ್ರಿ ಅತ್ತಿ," ಅಂದಳು. ಆಮೇಲಿಂದ ನಾನು ಇಲ್ಲದಾಗ ನೆಕ್ಕುತ್ತಿದ್ದಳು. ನನಗೆ ಗೊತ್ತಿತ್ತು. ಹಿಂದಿನ ವರ್ಷದ ಲಾರಿ ಬಂದಾಗಲೂ ಒಂದು ಗಳ ಮುಟ್ಟಿ ನೋಡಿ ಏನೋ ಹೇಳಲು ಬಾಯಿ ತೆರೆದಿದ್ದಳು. ನಾನು ದಿಟ್ಟಿಸಿ ನೋಡಿದೆ. ಬಾಯಿ ಮುಚ್ಚಿದಳು. ಆಮೇಲೆ ಗೌರಿಗೆ ಪೌಡರ್ ಆದದ್ದು.

ಇಂಥ ಸಮಯದಲ್ಲಿ ರಿಚರ್ಡ್ಸ್ ಟೌನಿನ ಆ ಮೇಡಂ ಬಂದರು. ಕಾಟನ್ ಸೀರೆ, ಜೋಳಿಗೆ, ಒಳ್ಳೆಯ ಮನಸ್ಸು. "ಬುಡಕಟ್ಟು ಮಹಿಳೆಯರ ನಾಯಕತ್ವ ತರಬೇತಿ" ಎಂದು ಬರೆದ ಕಾಗದ ತೋರಿಸಿದರು. ನಮ್ಮ ಸರ್ಟಿಫಿಕೇಟಿನಲ್ಲಿ ಪರಿಶಿಷ್ಟ ಪಂಗಡ ಅಂತ ಇರುವುದು ಗೊತ್ತಿತ್ತು. ಬುಡಕಟ್ಟು ಅಂದರೆ ಕಾಡಿನಲ್ಲಿ ಇರುವವರು ಅಂದುಕೊಂಡಿದ್ದೆವು. ನಮ್ಮ ಗಲ್ಲಿಯಲ್ಲಿ ಇರುವುದು ಒಂದು ನುಗ್ಗೆಮರ.

"ನಿಮ್ಮದು ಟ್ರೆಡಿಷನಲ್ ಡ್ಯಾನ್ಸ್ ಯಾವುದಮ್ಮಾ?" ಎಂದು ಮೇಡಂ ಕೇಳಿದರು.

"ಉಗುರೊಳಗೆ ಸಿಬಿರು ಹೋದಾಗ ಕುಣೀತೀವಿ ಮೇಡಂ," ಅಂದೆ.

ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆದರೆ ಮೇಡಂ ಬರಿಗೈಯಲ್ಲಿ ಬಂದಿರಲಿಲ್ಲ. ಎಲ್ಲೆಲ್ಲೋ ಓಡಾಡಿ ಒಂದು ಪತ್ರ ಮಾಡಿಸಿಕೊಂಡು ಬಂದಿದ್ದರು. ಮೂರು ದಿನ ತರಬೇತಿ ಮುಗಿಸಿ ಹೆಂಗಸರು ತಮ್ಮ ನಾಯಕಿಯನ್ನು ಆರಿಸಿಕೊಂಡರೆ, ಆ ವರ್ಷದ ಒಂದು ಲಾರಿ ಬಿದಿರನ್ನು ಆ ನಾಯಕಿಯೇ ಡಿಪೋಗೆ ಹೋಗಿ ನೋಡಿ ತರಬಹುದು. ಒಂದು ಲಾರಿ, ಒಂದು ಸಲ. ನಾವು ಹದಿನೆಂಟು ಹೆಂಗಸರು ಹೋಗಲು ಒಪ್ಪಿದ್ದು ಅದಕ್ಕೆ, ಬಾಳೆಹಣ್ಣಿಗಲ್ಲ.

ಮೈದುನನಿಗೆ ಇದು ತಮಾಷೆಯಾಗಿ ಕಂಡಿತು. "ಹೋಗ್ಬಿಟ್ಟು ಬನ್ನಿ ಅತ್ಗೆ, ಊಟ ಹಾಕ್ತಾರೆ. ಎಲ್ಲೂ ಸೈನ್ ಮಾತ್ರ ಹಾಕ್ಬೇಡಿ."

"ಬರೆಯಕ್ ಬಂದ್ರೆ ತಾನೇ ಹಾಕೋದು," ಅಂದೆ.

ತರಬೇತಿ ನಡೆದದ್ದು ರಿಚರ್ಡ್ಸ್ ಟೌನಿನ ಒಂದು ಶಾಲೆಯ ಹಳೇ ಹಾಲಿನಲ್ಲಿ. ಎತ್ತರದ ಛಾವಣಿ, ತಂಪು, ಒಳಗೆ ಅರೆಗತ್ತಲೆ. ಕಿಟಕಿಗಳಿಗೆ ಬಿದಿರು ಕಡ್ಡಿಯ ಪರದೆಗಳು. ಮೊದಲನೆಯ ದಿನ ಮೇಡಂ, ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಒಂದು ಒಳ್ಳೆಯ ಗುಣ ಹೇಳಬೇಕು ಅಂದರು. ಯಾರೂ ಏಳಲಿಲ್ಲ. ಹಾಗಾದರೆ ಪಕ್ಕದವರ ಬಗ್ಗೆ ಹೇಳಿ ಅಂದರು. ಆಗ ಎಲ್ಲರೂ ಒಟ್ಟಿಗೆ ಎದ್ದರು. ಒಳ್ಳೆಯ ಗುಣ ಮಾತ್ರ ಅಂತ ಮೇಡಂ ಮೈಕಿನಲ್ಲಿ ಕೂಗಿಕೂಗಿ ಗಂಟಲು ಕಟ್ಟಿಸಿಕೊಂಡರು.

ನಮಗೆ ಖಾಲಿ ಕೈಯಲ್ಲಿ ಕೂತು ಅಭ್ಯಾಸವಿಲ್ಲ. ಆತ್ಮವಿಶ್ವಾಸದ ಬಗ್ಗೆ ಪಾಠ ನಡೆಯುತ್ತಿದ್ದಾಗ ಕಿಟಕಿ ಪಕ್ಕ ಕೂತವಳು ಪರದೆಯ ಒಂದು ಕಡ್ಡಿ ಜೋತಾಡುತ್ತಿರುವುದನ್ನು ನೋಡಿದಳು. ಗಂಟು ಬಿಗಿದಳು. ಪಕ್ಕದವಳು ಅವಳು ಹಾಕಿದ ಗಂಟು ಸರಿಯಿಲ್ಲ ಅಂದಳು. ಮಧ್ಯಾಹ್ನದ ಹೊತ್ತಿಗೆ ಮೂರು ಪರದೆಗಳು ನೆಲದ ಮೇಲಿದ್ದವು, ಹದಿನೆಂಟೂ ಜನ ಸುತ್ತ ಕೂತಿದ್ದೆವು.

"ಅಮ್ಮಾ, ದಯವಿಟ್ಟು ಗಮನ ಇಲ್ಲಿ ಕೊಡಿ!" ಎಂದರು ಮೇಡಂ.

"ಕಿವಿ ನಿಮ್ ಹತ್ರಾನೇ ಇದೆ ಮೇಡಂ, ನೀವ್ ಹೇಳಿ."

ಸಂಜೆ ಪ್ರಶ್ನೆ ಕೇಳಿದಾಗ ಎಲ್ಲರೂ ಸರಿಯಾಗಿಯೇ ಉತ್ತರ ಕೊಟ್ಟರು. ನಮ್ಮ ದೊಡ್ಡಮ್ಮ ಒಬ್ಬಳನ್ನು ಬಿಟ್ಟು. ಇಡೀ ಗಲ್ಲಿ ಅವಳನ್ನು ದೊಡ್ಡಮ್ಮ ಅಂತಲೇ ಕರೆಯುವುದು. ನಮ್ಮಲ್ಲೆಲ್ಲ ಹಿರಿಯಳು, ಕಣ್ಣಿಗೆ ಪೊರೆ ಬಂದಿತ್ತು, ಬಾಯಿತುಂಬ ಎಲೆಅಡಿಕೆ. ಪಾಠ ಶುರುವಾದರೆ ನಿದ್ದೆ, ಊಟ ಶುರುವಾದರೆ ಎಚ್ಚರ.

ಎರಡನೆಯ ದಿನ ಬೆಳಿಗ್ಗೆ ಹೆಸರು ಬರೆಯಲು ಕಲಿಸಿದರು. ಎರಡನೇ ಕ್ಲಾಸಿನಲ್ಲಿ ಬಿಟ್ಟುಬಂದಿದ್ದ ಅಕ್ಷರಗಳು ಒಂದೊಂದಾಗಿ ಸಿಕ್ಕವು. ಒಟ್ಟು ಮೂರು ಅಕ್ಷರ. ಮೂರನೆಯದು ಮಾತ್ರ ಯಾವಾಗಲೂ ಗೆರೆ ಬಿಟ್ಟು ಕೆಳಗೆ ಜಾರುತ್ತಿತ್ತು. ಮಧ್ಯಾಹ್ನ ನಾಟಕ ಆಡಿಸಿದರು. ಒಬ್ಬರು ಡಿಪೋ ಸಾಹೇಬರು, ಒಬ್ಬರು ನಾಯಕಿ. ನಾಯಕಿ ಹೆದರದೆ ಮಾತಾಡಬೇಕು. ಸಾಹೇಬರ ಪಾತ್ರ ನನಗೆ ಬಂತು. ನಾಯಕಿಯ ಚೀಟಿ ನನ್ನ ಸೊಸೆಗೆ ಬಂತು.

ನಾನು ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದೆ. ಸೊಸೆ ಸೆರಗು ಹೊದ್ದುಕೊಂಡು ದೂರ ನಿಂತಳು.

"ಕೂತ್ಕೊಳಿ," ಎಂದರು ಮೇಡಂ. "ಲೀಡರ್ ಅಂದ್ರೆ ಸಮಾನವಾಗಿ ಎದುರಿಗೆ ಕೂತ್ಕೋಬೇಕು."

"ಕೂಡಂಗಿಲ್ರಿ ಮೇಡಂ, ಅತ್ತಿ ಕುಂತಾರ."

"ಈಗ ಅವರು ನಿಮ್ಮ ಅತ್ತೆ ಅಲ್ಲಮ್ಮ. ಆಫೀಸರ್."

"ಮನಿಗೆ ಹೋದ ಮ್ಯಾಲ್ರಿ?"

ಹಾಲಿಗೆ ಹಾಲೇ ನಕ್ಕಿತು. ದೊಡ್ಡಮ್ಮನಿಗೂ ಎಚ್ಚರವಾಯಿತು. ಸೊಸೆ ನಿಂತುಕೊಂಡೇ, ನೆಲ ನೋಡಿಕೊಂಡೇ, ನಮಗೆ ಎಳೆ ಬಿದಿರು ಬೇಕು ಸಾಹೇಬ್ರ ಅಂದಳು. ನಾನು ನಾಳೆ ಬಾ ಅಂದೆ. ನಾಳೆ ಬಂದೀನ್ರಿ ಅಂದಳು. ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂದೆ. ಸಾಹೇಬ್ರು ನೀವ ಅದೀರಲ್ರಿ ಅಂದಳು. ಆದರೂ ಇಲ್ಲ ಅಂದೆ. ಅರ್ಧ ಗಂಟೆಯಾದರೂ ನಾನು ಬಿದಿರು ಕೊಡಲಿಲ್ಲ. ಮೇಡಂ ಬಂದು ನನ್ನ ಕಿವಿಯಲ್ಲಿ, "ಅಮ್ಮಾ, ಕೊನೆಗೆ ಕೊಡ್ಬೇಕು, ಅದೇ ಪಾಠ" ಅಂದರು. ಕೇಳಿದ ತಕ್ಷಣ ಕೊಟ್ಟರೆ ಅವರು ಎಂಥ ಸಾಹೇಬರು ಅಂದೆ ನಾನು.

ಮೂರನೆಯ ದಿನ ಚುನಾವಣೆ. ಓದುಬರಹ ಎಲ್ಲರಿಗೂ ಇರಲಿಲ್ಲವಾದ್ದರಿಂದ ಮೇಡಂ ಒಂದು ಉಪಾಯ ಮಾಡಿದ್ದರು. ಪ್ರತಿಯೊಬ್ಬರೂ ತಾವು ಹೆಣೆದ ಒಂದು ಮೊರ ತಂದಿಡಬೇಕು. ಯಾರು ನಾಯಕಿಯಾಗಬೇಕೋ ಅವರ ಮೊರದಲ್ಲಿ ಒಂದು ಹುಣಿಸೆ ಬೀಜ ಹಾಕಬೇಕು. ಅಂಚು ನೋಡಿದರೆ ಸಾಕು, ಯಾರ ಕೈಯ ಮೊರ ಅಂತ ನಮಗೆ ಗೊತ್ತಾಗುತ್ತದೆ. ಗುಟ್ಟಾಗಿ ಹಾಕಲಿ ಅಂತ ಮೊರಗಳನ್ನು ದೊಡ್ಡ ಕಿಟಕಿಯ ಕೆಳಗೆ ಸಾಲಾಗಿ ಇಡಿಸಿ, ಮುಂದೆ ಒಂದು ಪರದೆ ಇಳಿಬಿಡಿಸಿದರು. ನಾವೇ ರಿಪೇರಿ ಮಾಡಿದ್ದ ಪರದೆ.

ಕಡ್ಡಿ ಪರದೆಯ ಗುಣ ಮೇಡಂಗೆ ಗೊತ್ತಿರಲಿಲ್ಲ. ಬೆಳಕಿನಲ್ಲಿ ಇರುವವರಿಗೆ ಕತ್ತಲೆಯಲ್ಲಿ ಇರುವವರು ಕಾಣುವುದಿಲ್ಲ. ಕತ್ತಲೆಯಲ್ಲಿ ಕೂತವರಿಗೆ ಬೆಳಕಿನಲ್ಲಿ ನಿಂತವರು ಮೂಗುಬೊಟ್ಟಿನ ಸಮೇತ ಕಾಣುತ್ತಾರೆ. ಅದಕ್ಕೇ ಅಲ್ಲವೇ ಜನ ಮನೆಗೆ ಅದನ್ನು ಹಾಕಿಸುವುದು. ಕಿಟಕಿಯ ಬಿಸಿಲೆಲ್ಲ ಮೊರಗಳ ಮೇಲಿತ್ತು. ನಾವು ಅತ್ತೆಯರು ಏನೂ ಗೊತ್ತಿಲ್ಲದವರ ಹಾಗೆ ಒಬ್ಬೊಬ್ಬರಾಗಿ ಜರುಗಿ ಪರದೆಯ ಎದುರಿಗೇ ಕೂತೆವು. ಸೊಸೆಯರಿಗೂ ಪರದೆಯ ಗುಣ ಗೊತ್ತು, ಅವರೂ ಮೇದರೇ. ಒಬ್ಬೊಬ್ಬಳೂ ಒಳಗೆ ಹೋಗಿ, ಬೀಜ ಎತ್ತಿ ತೋರಿಸಿ, ತನ್ನ ಅತ್ತೆಯ ಮೊರಕ್ಕೆ ಹಾಕಿ, ಸೆರಗು ಸರಿಮಾಡಿಕೊಂಡು ಬಂದಳು. ಅತ್ತೆಯರು ತಮ್ಮ ಬೀಜವನ್ನು ತಮಗೇ ಹಾಕಿಕೊಂಡರು.

ಹಾಗಾಗಿ ಯಾರಿಗೆ ಎಷ್ಟು ಸೊಸೆಯರೋ ಅಷ್ಟು ಓಟು, ಮೇಲೊಂದು. ದೊಡ್ಡಮ್ಮನಿಗೆ ನಾಲ್ವರು ಸೊಸೆಯರು.

ನನಗೆ ಇದ್ದವಳು ಒಬ್ಬಳೇ. ಅವಳು ಕೊನೆಗೆ ಹೋದಳು. ಬೀಜ ಹಿಡಿದುಕೊಂಡು ನನ್ನ ಮೊರದ ಮುಂದೆ ಬಗ್ಗಿದಳು. ಆಮೇಲೆ ನೆಟ್ಟಗೆ ನಿಂತು ಪರದೆಯ ಕಡೆ ನೋಡಿದಳು. ಅವಳಿಗೆ ನಾನು ಕಾಣುತ್ತಿರಲಿಲ್ಲ, ಆದರೆ ಎಲ್ಲಿ ಕೂತಿದ್ದೇನೆಂದು ಗೊತ್ತಿತ್ತು. ನೇರ ಅಲ್ಲಿಗೇ ನೋಡಿದಳು. ನೋಡಿಕೊಂಡೇ ಬೀಜವನ್ನು ತನ್ನ ಮೊರಕ್ಕೆ ಹಾಕಿಕೊಂಡಳು.

ಪಕ್ಕದಲ್ಲಿ ಕೂತಿದ್ದವಳು, "ಅಯ್ಯೋ ನಿನ್ ಸೊಸೆ!" ಅಂದಳು. ಅವಳಿಗೂ ಕಾಣಿಸಿತ್ತು. ಎಲ್ಲರಿಗೂ ಕಾಣಿಸಿತ್ತು.

ದೊಡ್ಡಮ್ಮ ಐದು ಬೀಜದಿಂದ ಗೆದ್ದಳು. ಎಬ್ಬಿಸಿ ಹಾರ ಹಾಕಿದರು. ಮೇಡಂ, "ಹಿರಿಯರಿಗೆ ನೀವು ಕೊಟ್ಟ ಗೌರವ ನೋಡಿ ಕಣ್ತುಂಬಿ ಬಂತು" ಅಂದರು. ಹಿರಿಯರು ಹಾರದ ಹೂವನ್ನು ಎಲೆ ಇರಬಹುದೇನೋ ಎಂದು ಮುಟ್ಟಿ ನೋಡುತ್ತಿದ್ದರು.

ಬಸ್ಸಿನಲ್ಲಿ ಹಲಸೂರಿನವರೆಗೆ ನಾನು ಸೊಸೆಯ ಜೊತೆ ಮಾತಾಡಲಿಲ್ಲ. ಇಳಿಯುವಾಗ ತಡೆಯಲಾಗದೆ ಕೇಳಿದೆ.

"ಯಾರಿಗೇ ಹಾಕ್ದೆ?"

"ನಿಮಗ ಕಂಡದಲ್ರಿ ಅತ್ತಿ."

ಒಂದು ವಾರ ನಾನು ಅವಳಿಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳಿದೆ. ನೀರು ಹಿಡಿದಿಟ್ಟಿಲ್ಲ ಅಂತ ಗೋಡೆಗೆ, ಸಾರಿಗೆ ಉಪ್ಪು ಹೆಚ್ಚು ಅಂತ ಗೋಡೆಗೆ. ನನ್ನ ಮಗ ಗೋಡೆಯ ಪರವಾಗಿ, "ಆಯ್ತಮ್ಮ" ಅನ್ನುತ್ತಿದ್ದ.

ಆಷಾಢದಲ್ಲಿ ಡಿಪೋದಿಂದ ಕರೆ ಬಂತು. ನಾಯಕಿಯ ಜೊತೆ ಇಬ್ಬರು ಬರಬಹುದು ಎಂದಿತ್ತು. ದೊಡ್ಡಮ್ಮನ ನಾಲ್ವರು ಸೊಸೆಯರಿಗೂ ಅದೇ ದಿನ ತಲೆನೋವು ಬಂತು. ಅತ್ತೆ ಇಲ್ಲದ ಒಂದು ದಿನವನ್ನು ಯಾರು ಬಿಡುತ್ತಾರೆ. ಅವಳ ನಂತರ ಹಿರಿಯಳು ನಾನು, ನಾನು ಹೊರಟೆ. ದೊಡ್ಡಮ್ಮನ ಎಲೆಯ ಡಬ್ಬಿ, ನೀರಿನ ಕ್ಯಾನು, ಬುತ್ತಿ ಹೊರಲು ಒಬ್ಬರು ಬೇಕು ಅಂತ ಸೊಸೆಯನ್ನು ಕರೆದುಕೊಂಡೆ. ಹೊರಲು ಮಾತ್ರ. ಅದನ್ನೂ ಗೋಡೆಗೇ ಹೇಳಿದ್ದೆ.

ಮಚ್ಚು ನನ್ನ ಚೀಲದಲ್ಲಿತ್ತು. ಆ ಮಚ್ಚು ನನ್ನ ಅತ್ತೆಯದು. ನಮ್ಮ ಮನೆಯಲ್ಲಿ ಬಿದಿರಿಗೆ ಮೊದಲ ಏಟು ಹಾಕುವವಳು ಅತ್ತೆ. ಸೊಸೆಯದು ಅವಳು ಸೀಳಿಕೊಟ್ಟದ್ದನ್ನು ಎಳೆ ತೆಗೆದು ಹೆಣೆಯುವ ಕೆಲಸ. ನನ್ನ ಅತ್ತೆ ಬದುಕಿರುವವರೆಗೆ ಅದರ ಹಿಡಿಯನ್ನು ನನಗೆ ಮುಟ್ಟಗೊಡಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅದು ನನ್ನ ಕೈಗೆ ಬಂತು. ಅವಳು ಕೊಟ್ಟದ್ದಲ್ಲ.

ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ಬದಲಿಸಿದೆವು. ತೂಗು ಸೇತುವೆ ಇನ್ನೂ ಕಟ್ಟಿರಲಿಲ್ಲ. ರೈಲ್ವೆ ಗೇಟಿನಲ್ಲಿ ಕಾದು, ಕೆ.ಆರ್. ಪುರ ದಾಟಿ ಡಿಪೋ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಮೈದುನ ಆಗಲೇ ಬಂದು ಒಂದು ಮರದ ಕೆಳಗೆ ಸಫಾರಿಯಲ್ಲಿ ನಿಂತು ತನ್ನ ಗಳಗಳನ್ನು ಎಣಿಸುತ್ತಿದ್ದ.

ಡಿಪೋದ ಗುಮಾಸ್ತ ಪತ್ರ ಓದಿ ದೊಡ್ಡಮ್ಮನನ್ನು ನೋಡಿದ. ದೊಡ್ಡಮ್ಮ ಅವನ ಕುರ್ಚಿಯಲ್ಲಿ ಕೂತಾಗಿತ್ತು.

"ಸೈನ್ ಮಾಡ್ಬೇಕಲ್ಲಜ್ಜಿ."

ದೊಡ್ಡಮ್ಮ ಹೆಬ್ಬೆಟ್ಟು ಚಾಚಿದಳು. ಒತ್ತಿದರೆ ಕಾಗದದ ಮೇಲೆ ಬರೀ ಒಂದು ಕಪ್ಪು ಚುಕ್ಕೆ ಬಂತು. ಎಪ್ಪತ್ತು ವರ್ಷ ಬಿದಿರು ಉಜ್ಜಿದ ಹೆಬ್ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಗುಮಾಸ್ತ ಮೂರು ಸಲ ಒತ್ತಿಸಿ, ಬೇರೆ ಯಾರಾದರೂ ಸಾಕ್ಷಿ ಹಾಕಿ ಅಂದ. ನಾನು ಪೆನ್ನು ತೆಗೆದುಕೊಂಡೆ. ಮೊದಲನೆಯ ಅಕ್ಷರ ಆಯಿತು. ಎರಡನೆಯದರಲ್ಲಿ ಸ್ವಲ್ಪ ನಿಂತೆ.

"ಬೇಗ ಅಮ್ಮಾ, ಎಷ್ಟೊತ್ತು?"

"ಎರಡನೇ ಕ್ಲಾಸಿಂದ ನಡ್ಕೊಂಡ್ ಬರ್ತಿದೀನಿ ಸಾರ್. ಸ್ವಲ್ಪ ತಡೀರಿ."

ಮೂರನೆಯದು ಗೆರೆ ಬಿಟ್ಟು ಜಾರಿತು. ನಡೆಯುತ್ತದೆ ಅಂದ.

"ಸರಿ, ಈಗ ಲೀಡರ್ ಬಂದು ಆರಿಸ್ಲಿ."

ದೊಡ್ಡಮ್ಮ ಬಾಯಿಂದ ಎಲೆ ತೆಗೆದು ಕೈಯಲ್ಲಿ ಇಟ್ಟುಕೊಂಡಳು. ಮಾತಾಡುತ್ತಾಳೆ ಅಂತ ಅರ್ಥ. "ನಂಗೆ ನೀನೇ ಕಾಣಲ್ಲಪ್ಪ, ಬಿದಿರು ಎಲ್ಲಿ ಕಾಣ್ತದೆ. ಇವ್ಳು ಆರಿಸ್ತಾಳೆ." ಬೆರಳು ನನ್ನ ಕಡೆ ಇತ್ತು. ಎಲೆ ಮತ್ತೆ ಬಾಯಿಗೆ ಹೋಯಿತು.

ನಾನು ಹಿಗ್ಗಿದೆ, ಸುಳ್ಳು ಯಾಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಚ್ಚು ಹಿಡಿದು ರಾಶಿಯ ಹತ್ತಿರ ಹೋದೆ. ಗೆಣ್ಣು ನೋಡಿದೆ, ಬಣ್ಣ ನೋಡಿದೆ, ಬೆರಳ ಗಂಟಿನಿಂದ ಬಡಿದು ಸದ್ದು ಕೇಳಿದೆ. ಉದ್ದ ಗೆಣ್ಣಿನ, ಎಳೆಯ, ಸೊಗಸಾದ ಬಿದಿರು. ಇದು ಆಗಬಹುದು ಅಂದೆ.

ಹಿಂದೆ ಸೊಸೆ ಕೆಮ್ಮಿದಳು.

ಮುಂದಿನ ರಾಶಿಗೆ ಹೋದೆ. ಸದ್ದು ಸರಿಯಾಗಿತ್ತು. ಇದೂ ಇರಲಿ ಅಂದೆ. ಮತ್ತೆ ಕೆಮ್ಮು. ಮೂರನೆಯದರಲ್ಲಿ ಕೆಮ್ಮಲಿಲ್ಲ. ನಾಲ್ಕನೆಯದರಲ್ಲಿ ಎರಡು ಸಲ ಕೆಮ್ಮಿದಳು. ಗುಮಾಸ್ತ ಎರಡು ಹೆಜ್ಜೆ ಹಿಂದೆ ಸರಿದ.

"ಏನಮ್ಮಾ, ಆ ಹುಡುಗಿಗೆ ಟಿ.ಬಿ. ಗಿ.ಬಿ. ಇದ್ಯಾ?"

ತಿರುಗಿ ನೋಡಿದೆ. ಒಂದು ಕೈಯಲ್ಲಿ ಎಲೆಡಬ್ಬಿ, ಕಂಕುಳಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಬಿದಿರಿನ ತುದಿ; ನಾಲಿಗೆ ಇನ್ನೂ ಒಳಗೆ ಹೋಗಿರಲಿಲ್ಲ. ಅಷ್ಟು ದೂರದಿಂದ ಮೈದುನ ಕೂಗಿದ: "ಅತ್ಗೇ! ನಿಮ್ ಸೊಸೆ ಬಿದಿರು ತಿಂತಾವ್ಳೆ!"

ಡಿಪೋದ ಕೂಲಿಗಳೆಲ್ಲ ನಕ್ಕರು. ನನಗೆ ಎಲ್ಲಿಲ್ಲದ ಕೋಪ ಬಂತು. ಇವಳ ಮಾನ ಹೋಗಲಿ, ನನ್ನದೂ ಹೋಯಿತಲ್ಲ. ಈ ಹುಚ್ಚನ್ನು ಇವತ್ತೇ ಎಲ್ಲರ ಎದುರಿಗೆ ಬಿಡಿಸಿಬಿಡೋಣ ಅಂತ, ಅವಳು ಎರಡು ಸಲ ಕೆಮ್ಮಿದ ಗಳವನ್ನೇ ಎಳೆದು ನಿಲ್ಲಿಸಿ, ಅದರ ತುದಿಯ ಮೇಲೆ ಮಚ್ಚು ಇಟ್ಟು ಒಂದೇ ಏಟು ಹಾಕಿದೆ. ಬಿದಿರು ಬುಡದವರೆಗೆ ಸೀಳಿಕೊಂಡಿತು. ಒಳಗಿನಿಂದ ಹಳದಿ ಹಿಟ್ಟು ನನ್ನ ಕಾಲ ಮೇಲೆ ಸುರಿಯಿತು.

ಗುಮಾಸ್ತ ಸೀನಿದ. ಕೂಲಿಗಳು ನಗುವುದನ್ನು ನಿಲ್ಲಿಸಿದರು.

ಮೊದಲನೆಯ ರಾಶಿಯದನ್ನು ಸೀಳಿದೆ. ಹಿಟ್ಟು. ಎರಡನೆಯದು, ಹಿಟ್ಟು. ಅವಳು ಕೆಮ್ಮದಿದ್ದ ಮೂರನೆಯದನ್ನು ಸೀಳಿದೆ: ಒಳಗೆ ತೊಳೆದಿಟ್ಟ ಲೋಟದ ಹಾಗಿತ್ತು. ಹಿಟ್ಟು ಸುರಿದ ಮೂರೂ ಗಳಗಳಲ್ಲಿ ನಾನು ಬಡಿದು ಕೇಳಿದ ಸದ್ದು ಸುಳ್ಳು ಹೇಳಿತ್ತು. ಇಲ್ಲವೇ ನನ್ನ ಕಿವಿಗೆ ವಯಸ್ಸಾಗಿತ್ತು. ಆ ಹಿಟ್ಟನ್ನು ನೋಡುತ್ತಾ ನನಗೆ ಕಂಡದ್ದು ಇಂದಿರಾನಗರದ ಅಮ್ಮ ಕೈಮುಗಿದು ಹೊರಟುಹೋದದ್ದು. ಈ ಲಾರಿ ತಪ್ಪಿದರೆ ಮುಂದಿನ ಲಾರಿ ಇಲ್ಲ.

ಸೊಸೆ ಮತ್ತೆ ಕೆಮ್ಮಲು ಬಾಯಿ ತೆರೆದಳು.

"ತಗೊಳ್ಳೇ," ಅಂತ ಮಚ್ಚನ್ನು ಹಿಡಿಯ ಕಡೆಯಿಂದ ಚಾಚಿದೆ. "ಕೆಮ್ಮಿ ಕೆಮ್ಮಿ ಸಾಯ್ಬೇಡ. ನೀನೇ ಆರಿಸು."

ಕ್ಯಾನನ್ನೂ ಡಬ್ಬಿಯನ್ನೂ ನನ್ನ ಕೈಗಿಟ್ಟು ಮಚ್ಚು ತೆಗೆದುಕೊಂಡಳು. ಬೇಡ ಅತ್ತಿ ಅನ್ನಲಿಲ್ಲ, ಕಾಲಿಗೆ ಬೀಳಲಿಲ್ಲ, ಏನೂ ಇಲ್ಲ. ನೇರ ಹಿಂದಿನ ರಾಶಿಗೆ ಹೋದಳು. ಒಂದೊಂದನ್ನೂ ತುದಿ ಹೆರೆದು, ನಾಲಿಗೆಗೆ ಮುಟ್ಟಿಸಿ, ಉಗಿದು, "ಇದು," "ಇದು ಬ್ಯಾಡ್ರಿ," "ಇದು," ಎನ್ನುತ್ತಾ ಹೋದಳು. ಬೇರೆ ರಾಶಿ ತೆಗೆಯಲು ಆಗುವುದಿಲ್ಲ, ನಾಳೆ ಬನ್ನಿ ಎಂದು ಗುಮಾಸ್ತ ಅಂದಾಗ, "ನಾಳೆ ಅನ್ನೋದನ್ನ ನಮ್ಮತ್ತಿ ಅರ್ಧ ತಾಸು ಅಂದು ಸೋತಾರ್ರಿ. ನೀವು 'ಹೂಂ' ಅನ್ರಿ," ಅಂದಳು. ನಾನು ಸೋತಿರಲಿಲ್ಲ. ಗುಮಾಸ್ತ ರಾಶಿ ತೆಗೆಸಿದ.

ಕುರ್ಚಿಯಲ್ಲಿ ಕೂತಿದ್ದ ನಾಯಕಿ ಎಲೆಯನ್ನು ಮತ್ತೆ ಕೈಗೆ ತೆಗೆದುಕೊಂಡು ನಿಟ್ಟುಸಿರು ಬಿಟ್ಟಳು. "ನಂಗೆ ನಾಲ್ಕು ಜನ ಅವ್ರೆ. ಒಬ್ಳೂ ಕೆಮ್ಮಲ್ಲ."

ಲಾರಿ ಅರ್ಧ ತುಂಬಿದಾಗ ಮೈದುನ ಮರದ ನೆರಳಿನಿಂದ ಬಂದ. ಕೈಯಲ್ಲಿ ಏಣಿಯ ಗಳದ ಒಂದು ತುಂಡು. ಅತ್ತಿತ್ತ ನೋಡಿ, ಸಫಾರಿಯ ಜೇಬು ಸವರಿಕೊಂಡು, ಸೊಸೆಯ ಪಕ್ಕ ನಿಂತು ಮೆಲ್ಲಗೆ ಅಂದ:

"ಏನಮ್ಮಾ... ಇದನ್ನೂ ಒಂಚೂರು..."

"ನೀವ ನೆಕ್ರಿ ಮಾವ," ಅಂದಳು. "ಸಿಹಿ ಇದ್ರ ಬ್ಯಾಡ."

ಅಧ್ಯಕ್ಷರು ಲಾರಿಯ ಹಿಂದೆ ಹೋಗಿ ನೆಕ್ಕಿದರು. ನಾನು ಕಣ್ಣಾರೆ ನೋಡಿದ್ದೇನೆ. ವಾಪಸು ಬಂದಾಗ ಅವರ ಮುಖ ಅಷ್ಟು ಚೆನ್ನಾಗಿರಲಿಲ್ಲ. ಅವರ ಗಳಗಳಲ್ಲಿ ಅರ್ಧಕ್ಕರ್ಧ ಸಿಹಿಯಿದ್ದವು ಅಂತ ಕಾಣುತ್ತದೆ.

ಆ ಗೌರಿಗೆ ಮೊರಗಳಲ್ಲಿ ಹಿಟ್ಟು ಉದುರಲಿಲ್ಲ, ಪೂಜಾ ಅಂಗಡಿಯವನು ಹೊಸೂರಿನ ಮಾತು ಎತ್ತಲಿಲ್ಲ. ಅದೆಲ್ಲ ಎರಡು ತಿಂಗಳು ಕಳೆದ ಮೇಲಿನ ಮಾತು. ಆ ಸಂಜೆ ಆದದ್ದು ಬೇರೆ. ಲಾರಿ ಇಳಿಸಿ, ಕೈಕಾಲು ತೊಳೆದು ಒಳಗೆ ಬಂದೆವು. ಬಾಗಿಲ ಬಲಗಡೆ, ನಾನು ಕೂತು ಸೀಳುವ ಜಾಗದ ಮೇಲೆ, ಮಚ್ಚು ಸಿಕ್ಕಿಸುವ ಮೊಳೆ ಇದೆ. ಸೊಸೆ ಮೊಳೆಯನ್ನು ನೋಡಿದಳು, ಮಚ್ಚನ್ನು ನೋಡಿದಳು. ಎಲ್ಲಿಡಲಿ ಅಂತ ಕೇಳುತ್ತಾಳೆ ಅಂದುಕೊಂಡೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಅವಳು ಕೇಳಲಿಲ್ಲ. ಒರೆಸಿ, ತಾನು ಹೆಣೆಯಲು ಕೂರುವ ಎಡಗಡೆಯ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ, ಒಲೆ ಹಚ್ಚಲು ಹೋದಳು.

ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು, ಕಾಫಿ ಕುಡಿದು, ಯಾರಿಗೂ ಹೇಳದೆ ಶಿವಾಜಿನಗರಕ್ಕೆ ನಡೆದುಕೊಂಡು ಹೋದೆ. ಗುಜರಿ ಸಾಲಿನಲ್ಲಿ, ನಮ್ಮ ಮಚ್ಚಿಗೆ ಸಾಣೆ ಹಿಡಿದುಕೊಡುವ ಕಬ್ಬಿಣದ ಸಾಮಾನಿನ ಸಾಬಿ ಆಗ ತಾನೇ ಬಾಗಿಲು ತೆಗೆಯುತ್ತಿದ್ದ. ಒಂದು ಮಚ್ಚು ತೋರಿಸು ಅಂದೆ. ನಾಲ್ಕು ತಂದು ಮುಂದೆ ಇಟ್ಟ. ಒಂದೊಂದನ್ನೂ ಎತ್ತಿ ತೂಕ ನೋಡಿದೆ, ಅಂಗಡಿಯ ಕಲ್ಲುಮೆಟ್ಟಿಲಿಗೆ ಬಡಿದು ಸದ್ದು ಕೇಳಿದೆ. ಕಬ್ಬಿಣದ ಸದ್ದು ನನಗೆ ಇನ್ನೂ ಸರಿಯಾಗಿ ಕೇಳುತ್ತದೆ.

"ಕ್ಯಾ ಅಮ್ಮಾ, ಹಳೇದು ಎಲ್ಲೋಯ್ತು? ಅದು ಫಸ್ಟ್ ಕ್ಲಾಸ್ ಮಾಲ್ ಇತ್ತಲ್ಲ?"

"ಕೆಲಸಕ್ಕೆ ಹೋಗಿದೆ," ಅಂದೆ. ಎರಡನೆಯದನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಬಿಸಿಲು ಏರುವುದರೊಳಗೆ ಮನೆಗೆ ಬಂದು, ಬಲಗಡೆಯ ಮೊಳೆಗೆ ಸಿಕ್ಕಿಸಿದೆ.